ಉಳಿವೆಪ್ಪನ ಬೆನ್ನಿಗೊಂದು ಮೆತ್ತೆ

ಹಿರೇಕೆರೂರಿನ ಹೈಸ್ಕೂಲಿನಲ್ಲಿ ವಾದಿರಾಜ ಮಾಸ್ತರರು ಚಿತ್ರಕಲೆ ಕಲಿಸುತ್ತಿದ್ದರು. ಕಲಿಸುವುದೆಂದರೆ, ವರ್ಷವಿಡೀ ಹೂಜಿ, ಛತ್ರಿ, ಮಾವಿನಕಾಯಿ ಬರೆಸುವುದು. ಅಜ್ಜ ವೇದಾಂತದ ಪಾಠ ಹೇಳಿದವರು, ಅಪ್ಪ ಸಂಸ್ಕೃತ ಪಂಡಿತರು. ಮಗನ ಪಾಲಿಗೆ ಹೂಜಿ ಬಂದಿತ್ತು. ಹಿರಿಯರಿಂದ ಉಳಿದ ಆಸ್ತಿ ಒಂದೇ: ಕೈಗೆತ್ತಿಕೊಂಡ ಪ್ರಶ್ನೆಗೆ ಉತ್ತರ ತನ್ನ ಬಳಿ ಇದ್ದೇ ಇದೆ ಎಂಬ ನಂಬಿಕೆ.

ಎಪ್ಪತ್ತೆಂಟರ ಮಳೆಗಾಲಕ್ಕೆ ತಾಲೂಕಿನ ತುಂಬ ಹೈಬ್ರಿಡ್ ಹತ್ತಿ. ಹತ್ತಿಯ ಬೆನ್ನಿಗೇ ಹುಳ ಬಂತು, ಹುಳದ ಬೆನ್ನಿಗೆ ಎಣ್ಣೆ ಹೊಡೆಯುವ ಕೂಲಿ ಬಂತು. ಆ ವಿಷಕ್ಕೆ ಜನ ಇಟ್ಟ ಹೆಸರು ಎಣ್ಣೆ. ತಲೆಗೆ ಹಚ್ಚಿಕೊಳ್ಳುವ ಸಾಮಾನೇ ಎಂಬಂತೆ. ಹಿತ್ತಾಳೆಯ ಪಂಪನ್ನು ಬೆನ್ನಿಗೇರಿಸಿ, ಒಂದು ಕೈಯಿಂದ ಹಿಡಿಕೆ ಜಗ್ಗುತ್ತ, ಇನ್ನೊಂದರಿಂದ ನಳಿಗೆ ಆಡಿಸುತ್ತ ಸಾಲು ಸಾಲು ತಿರುಗುವವರಲ್ಲಿ ಉಳಿವೆಪ್ಪ ಒಬ್ಬ. ಶಾಲೆಯ ಹಿಂದಿನ ಹೊಲದಿಂದ ಬಾವಿಗೆ ನೀರು ಕುಡಿಯಲು ಬಂದಾಗ ಮಾಸ್ತರರು ಅವನ ಹೆಗಲು ಕಂಡರು. ಚರ್ಮದ ಪಟ್ಟಿ ಕೂರುವಲ್ಲಿ ಎತ್ತಿನ ಹೆಗಲಿನಂತೆ ಗಡ್ಡೆಗಟ್ಟಿ, ಒಡೆದು, ರಕ್ತ ಜಿನುಗುತ್ತಿತ್ತು.

“ಏನೋ ಇದು, ಉಳಿವೆಪ್ಪಾ?”

“ಪಂಪಿನ ಪ್ರೀತಿರಿ ಮಾಸ್ತರ್ರ. ಹೇಣ್ತಿಗಿಂತ ಇದಽ ಗಟ್ಟಿ ತೆಕ್ಕಿ ಹಾಯ್ತೈತಿ,” ಎಂದು ಅವನು ನಕ್ಕ. ಆಮೇಲೆ ನಗದೆ ಹೇಳಿದ: “ನಡಾ ಎತ್ತಾಕ ಬರವಲ್ದ್ರಿ. ಹಿಂಗಽ ಹೊತ್ತರ ಬರೂ ವರ್ಷ ಕೋಲು ಹಿಡಿಯೂದು. ಕೋಲು ಹಿಡದವಗ ಯಾರ್ ಕೂಲಿ ಕೊಡ್ತಾರು?”

ಮಾಸ್ತರರಿಗೆ ಯಾವುದೋ ಮಾಸಿಕದಲ್ಲಿ ಓದಿದ್ದು ನೆನಪಾಯಿತು. ಹಿಮಾಲಯ ಹತ್ತುವವರ ಬೆನ್ನುಚೀಲದ ಮೇಲೆ ಬರೆದ ಲೇಖನ. ಭಾರ ಹೆಗಲಿಗೆ ಜೋತುಬೀಳಬಾರದು, ಸೊಂಟದ ಮೇಲೆ ಕೂರಬೇಕು. ಪಟ್ಟಿ ಅಗಲವಿರಬೇಕು, ಬೆನ್ನಿಗೂ ಭಾರಕ್ಕೂ ನಡುವೆ ಮೆತ್ತೆಯಿರಬೇಕು. ಇಷ್ಟು ವರ್ಷ ಹೂಜಿಯ ಸೊಂಟ ತಿದ್ದಿದ ಕೈಗೆ ಕೊನೆಗೂ ಒಬ್ಬ ಮನುಷ್ಯನ ಸೊಂಟ ಸಿಕ್ಕಿತ್ತು. ಉಳಿವೆಪ್ಪನನ್ನು ಮನೆಯ ಕಟ್ಟೆಯ ಮೇಲೆ ನಿಲ್ಲಿಸಿ ಅಳತೆ ತೆಗೆದರು.

ಹೆಂಡತಿ ಮನೋರಮಾ ಬಾಗಿಲಲ್ಲಿ ನಿಂತು ನೋಡಿದರು. “ನನ್ನ ಒಂದು ಕುಪ್ಪಸದ ಅಳತಿ ಎಂದಾದ್ರೂ ತಗೊಂಡೀರೇನು?”

“ನಿನ್ನ ಬೆನ್ನಮ್ಯಾಲೆ ಪಂಪ್ ಇಲ್ಲಲ್ಲ.”

“ನೀವಿದ್ದೀರಲ್ಲ,” ಎಂದು ಆಕೆ ಒಳಗೆ ಹೋದರು.

ಹೊಲಿದವಳು ಉಳಿವೆಪ್ಪನ ಹೆಂಡತಿ ತಿಪ್ಪವ್ವ. ಕೌದಿಗೆ ಅವಳ ಕೈ ಓಣಿಯಲ್ಲೇ ಹೆಸರಾದದ್ದು. ಹಳೆ ಸೀರೆಯ ಪದರಗಳ ನಡುವೆ ಅರಳೆ ತುಂಬಿ, ಮಾಸ್ತರರ ನಕ್ಷೆಯಂತೆ ಅಗಲವಾದ ಹೆಗಲುಪಟ್ಟಿ, ಸೊಂಟಕ್ಕೆ ನಡುಪಟ್ಟಿ, ಬೆನ್ನಿಗೆ ತಲೆದಿಂಬಿನಂಥ ಮೆತ್ತೆ ಹೊಲಿದಳು. ಉಳಿವೆಪ್ಪ ಅದನ್ನು ಕಟ್ಟಿಕೊಂಡು ಒಂದು ಸಾಲು ಮುಗಿಸಿ ಬಂದ.

“ಹಾಸಿಗಿ ಹೊತ್ಕೊಂಡು ಅಡ್ಡಾಡಿದಂಗ ಆಗತೈತ್ರಿ. ನಿದ್ದಿ ಬರಾಕತ್ತೈತಿ!”

ಅಂದು ಮಾಸ್ತರರಿಗೆ ಸಂತೋಷಕ್ಕೆ ಊಟ ಸೇರಲಿಲ್ಲ. ಹೆಗಲಿನ ಹುಣ್ಣು ಮಾಯಿತು. ಬೇರೆ ಕೂಲಿಯವರೂ ಬಂದು ಮೆತ್ತೆಯನ್ನು ಒತ್ತಿ ನೋಡಿ, ತಮ್ಮ ಮನೆಯವರಿಂದ ಅಂಥದ್ದೇ ಹೊಲಿಸಿಕೊಂಡರು.

ಆಮೇಲೆ ಉಳಿವೆಪ್ಪ ತಲೆ ಜಡ ಎಂದ. ಪಟ್ಟಿ ಕತ್ತಿನ ನರ ಒತ್ತುತ್ತಿದೆ ಎಂದುಕೊಂಡು ಮಾಸ್ತರರು ಅಲ್ಲಿಗೆ ಇನ್ನಷ್ಟು ಅರಳೆ ತುಂಬಿಸಿದರು. ಕೈ ನಡುಗುತ್ತದೆ ಎಂದ. ಭಾರ ಇನ್ನೂ ಸರಿಯಾಗಿ ಇಳಿದಿಲ್ಲ ಎಂದು ಮೆತ್ತೆ ದಪ್ಪ ಮಾಡಿಸಿದರು. ಕಣ್ಣು ಮಂಜು, ಬಾಯಲ್ಲಿ ಜೊಲ್ಲು, ಮೈಯೆಲ್ಲ ಬೆವರು ಎಂದ. ಮಾಸ್ತರರು ಹೊಸ ನಕ್ಷೆ ಬರೆಯಲು ಕೂತರು. ಪಂಪಿನ ಮುಚ್ಚಳ ಸೋರುತ್ತಿತ್ತು. ಅದು ಮೊದಲಿನಿಂದಲೂ ಸೋರುತ್ತಿತ್ತು. ಆಗ ಬರಿ ಬೆನ್ನಿನ ಮೇಲೆ ಇಳಿದದ್ದು ಬಾವಿಯ ನೀರಿನ ಸ್ನಾನಕ್ಕೆ ತೊಳೆದು ಹೋಗುತ್ತಿತ್ತು. ಈಗ ಹೋಗಲು ದಾರಿಯಿರಲಿಲ್ಲ.

“ಆ ಮೆತ್ತಿ ನಾರತದ. ಒಗೀಲಿಕ್ಕೆ ಹೇಳ್ರಿ,” ಎಂದರು ಮನೋರಮಾ. ಮಾಸ್ತರರು ಹೇಳಿಯೂ ಹೇಳಿದರು. ತಿಪ್ಪವ್ವ ಬಾಯಿಗೆ ಸೆರಗು ಹಿಡಿದು ನಕ್ಕಳು. “ಕೌದೀನ ನಡುವ ಒಗದಾರೇನ್ರಿ? ಮಾನೌಮಿಗೆ ಎಲ್ಲಾ ಹಾಸಿಗಿ ಹಳ್ಳಕ್ಕ ಒಯ್ತೇವಿ. ಆವಾಗ ಇದೂ ಬರತೈತಿ.”

ದಿನವೂ ಮಡಿ ಹಿಂಡುವ ಮನೆಯ ವಾದಿರಾಜರಿಗೆ ನಾಲಿಗೆಯ ತುದಿಗೆ ಮಾತು ಬಂತು. ಒಗೆಯುವುದರ ಬಗ್ಗೆ ಇವರಿಗೆ ಉಪದೇಶ ಮಾಡಿದರೆ ತನ್ನ ಅಜ್ಜನಿಗೂ ತನಗೂ ಏನು ಫರಕು ಎಂದುಕೊಂಡು ನುಂಗಿಕೊಂಡರು. ತಾವು ಎಷ್ಟು ಸುಧಾರಿಸಿದ್ದೇವೆಂದು ಮನಸ್ಸಿಗೆ ಹಿತವೂ ಆಯಿತು.

ಮಹಾನವಮಿಗೆ ಮುಂಚೆಯೇ ಉಳಿವೆಪ್ಪ ಹತ್ತಿಯ ಸಾಲಿನಲ್ಲಿ ಬಿದ್ದ. ಚಕ್ಕಡಿಯಲ್ಲಿ ದವಾಖಾನೆಗೆ ಒಯ್ದರು. ಮಾಸ್ತರರು ಹಿಂದೆಯೇ ಓಡಿದರು. ಡಾಕ್ಟರು ಮೆತ್ತೆ ಕಳಚಿಸಿ, ಅಂಗಿ ಕತ್ತರಿಸಿ, ಬೆನ್ನು ಮೂಸಿ, ಮೊದಲು ತಮ್ಮ ಕೈ ತೊಳೆದುಕೊಂಡರು.

“ವಿಷದಾಗ ಅದ್ದಿದ ಅರಿವಿ ಬೆನ್ನಿಗೆ ಕಟ್ಕೊಂಡು ತಿರುಗ್ಯಾನ್ರಿ ಇಂವ. ಚರ್ಮ ಕುಡಿದ ಬಿಟ್ಟೈತಿ. ಯಾವ ಶಾಣ್ಯಾ ಕಟ್ಟಿದ ಇದನ್ನ?”

“ನಾನು,” ಎಂದರು ಮಾಸ್ತರರು.

ಹೊತ್ತು ಇಳಿಯುವುದರೊಳಗೆ ಉಳಿವೆಪ್ಪ ಹೋದ.

ದಿನಕರ್ಮ ಮುಗಿದ ಮೇಲೆ ಮಾಸ್ತರರು ತಿಪ್ಪವ್ವನ ಮುಂದೆ ನಿಂತು, ಮೆತ್ತೆಯೇ ಕೊಂದದ್ದು, ಅಂದರೆ ತಾನೇ ಕೊಂದದ್ದು ಎಂದು ಹೇಳಿದರು. ಬೈಯಲಿ, ಮಣ್ಣು ತೂರಲಿ ಎಂದು ಸಿದ್ಧರಾಗಿ ಬಂದಿದ್ದರು. ಅವಳು ಅವರನ್ನೇ ಕನಿಕರದಿಂದ ನೋಡಿದಳು.

“ಹಂಗ್ಯಾಕಂತೀರಿ ಯಪ್ಪಾ? ಮೈ ತೊಳಿಯೂ ಮುಂದ ನಾ ನೋಡೇನಿ, ಹೆಗಲು ಎಷ್ಟು ಹಸನಾಗಿದ್ದೂ! ಮದಿವ್ಯಾಗ ಇದ್ದಂಗ ಇದ್ದೂ. ನಿಮ್ಮ ಪುಣ್ಯಾರಿ ಅದು.”

“ಆ ಮೆತ್ತಿ ಎಲ್ಲದ? ಅದನ್ನ ಸುಡಬೇಕು.”

“ಅದು ಪಂಪಿನ ಸಾಮಾನಲ್ಲೇನ್ರಿ? ಪಂಪಿನ ಜೋಡಿ ನಮ್ಮ ಮೈದುನ ಒಯ್ದಾನ.”

“ಒಗದಿ?”

“ಸಾವಿನ ಮನ್ಯಾಗ ಎಲ್ಲೀ ಮಾನೌಮಿರಿ? ಈ ವರ್ಷ ಹಾಸಿಗಿ ಹಳ್ಳಕ್ಕ ಹೋಗಲಿಲ್ಲ.”

ಮಾಸ್ತರರು ಹೊಲಕ್ಕೆ ಓಡಿದರು. ಉಳಿವೆಪ್ಪನ ತಮ್ಮ ಗುದ್ಲೆಪ್ಪ ಬದುವಿನ ಮೇಲೆ ನಿಂತು ಪಂಪು ಏರಿಸಿಕೊಂಡಿದ್ದ.

“ಬಿಚ್ಚೋ ಅದನ್ನ! ವಿಷ ಅದ ಅದರಾಗ!”

“ವಿಷ ಪಂಪಿನ್ಯಾಗ ಐತ್ರಿ,” ಎಂದ ಗುದ್ಲೆಪ್ಪ ಸಮಾಧಾನದಿಂದ. “ಇದು ನಮ್ಮ ವೈನಿ ಹೊಲದದ್ದು.”

“ನಿಮ್ಮಣ್ಣ ಇದರಿಂದನಽ ಸತ್ತಾನ. ಡಾಕ್ಟರ್ ಹೇಳ್ಯಾರ.”

“ಅಣ್ಣಂದು ಅಷ್ಟಽ ಇತ್ರಿ. ಪಟ್ಟಿ ಕೊಟ್ಟವ್ರೂ ನೀವಽ, ಕಸಗೊಳ್ಳಾಕ ಬಂದವ್ರೂ ನೀವಽ. ನಮ್ಮ ಹೆಗಲು ಹಸನಾದ್ರ ಊರಿಗೆ ಆಗಿ ಬರೂದಿಲ್ಲೇನ್ರಿ?” ಆದರೆ ಮಾಸ್ತರರ ಮುಖ ಕಂಡು ಅವನಿಗೆ ಮಾತು ಹೆಚ್ಚಾಯಿತೆನಿಸಿರಬೇಕು, ದನಿ ಇಳಿಸಿ ಬೆನ್ನು ತಿರುಗಿಸಿದ. “ಸಿಟ್ಟಾಗಬ್ಯಾಡ್ರಿ. ನಾ ಅಣ್ಣಗಿಂತ ಸಣಕಲ. ನಡುಪಟ್ಟಿ ಸಡ್ಲ ಆಗೇತಿ, ಒಂದೀಟು ನೋಡ್ರಿ.”

ಮಾಸ್ತರರು ಹಿಂದಿನಿಂದ ಎರಡೂ ಕೈಯಲ್ಲಿ ಗಂಟು ಹಿಡಿದರು. ಬಿಚ್ಚಬೇಕು, ಬಿಚ್ಚಿ ಎಸೆಯಬೇಕು. ಅರಿವೆ ಎಣ್ಣೆಯಲ್ಲಿ ನೆನೆದು ಉಬ್ಬಿತ್ತು. ಅವರು ಉಗುರು ಹಾಕಿದರು, ಜಗ್ಗಿದರು, ಮೊಣಕಾಲೂರಿ ಜಗ್ಗಿದರು. ಜಗ್ಗಿದಷ್ಟೂ ಗಂಟು ಬಿಗಿಯಿತು.

“ಸಾಕ್ರಿ ಮಾಸ್ತರ್ರ, ಬರೋಬ್ಬರಿ ಆತು,” ಎಂದು ಗುದ್ಲೆಪ್ಪ ಹಿಡಿಕೆ ಜಗ್ಗುತ್ತ ಸಾಲಿಗಿಳಿದ.