ಹಾಲು ಚೆಲ್ಲಿದ ಕಾರು

ವ್ಯಾನು ಕೊಂಡು ನಾಲ್ಕು ತಿಂಗಳಾಗಿತ್ತು. ಅಷ್ಟರಲ್ಲಿ ಸಿಕ್ಕ ಗಿರಾಕಿಗಳು ಒಂಬತ್ತೇ ಮಂದಿ, ಅವರಲ್ಲೂ ಮೂವರು ನೆಂಟರು. ನೆಂಟರು ಕಾರು ತೊಳೆಸಿಕೊಂಡು, ಕಾಫಿ ಕುಡಿದು, "ಚೆನ್ನಾಗಿ ಮಾಡ್ತೀರ, ಬಿಡಬೇಡಿ" ಎಂದು ಹರಸಿ ಹೋಗಿದ್ದರು.

ವ್ಯಾನಿನ ಹಿಂದೆ ನೀರಿನ ಟ್ಯಾಂಕು, ಪಂಪು, ನೀರು ಹೀರುವ ವ್ಯಾಕ್ಯೂಮು, ಗಾಳಿ ಊದುವ ಯಂತ್ರ, ಹತ್ತಾರು ಬ್ರಷ್ಷುಗಳು. ಕಾರು ಇರುವಲ್ಲಿಗೇ ಹೋಗಿ ಅದರ ಒಳಹೊರಗು ಶುಚಿ ಮಾಡಿಕೊಡುವ ಕಸುಬು. ಮಾಡುವವರು ಇಬ್ಬರು: ಮಾವ ಮತ್ತು ಸೊಸೆ. ಮಾವ ಮೂವತ್ತು ವರ್ಷ ಬಸ್ ಡಿಪೋದಲ್ಲಿ ಬಸ್ಸು ತೊಳೆದು ನಿವೃತ್ತರಾದವರು. ಸೊಸೆ ಹನ್ನೊಂದು ವರ್ಷ ಆಸ್ಪತ್ರೆಯ ವಾರ್ಡುಗಳನ್ನು ಶುಚಿ ಮಾಡಿದವಳು. ಅಲ್ಲಿನ ಗುತ್ತಿಗೆ ಬೇರೆಯವರ ಕೈಗೆ ಹೋದಾಗ ಅವಳ ಕೆಲಸವೂ ಹೋಯಿತು. ಕಾರ್ಖಾನೆಯಲ್ಲಿ ಪಾಳಿ ಕೆಲಸ ಮಾಡುವ ಗಂಡ, "ಆರು ತಿಂಗಳು ನೋಡೋಣ. ಆಗಲ್ಲ ಅಂದ್ರೆ ವ್ಯಾನ್ ಮಾರಿಬಿಡೋದು" ಎಂದು ಮೊದಲೇ ಹೇಳಿದ್ದ. ಜಗಳವಾಡಿ ಹೇಳಿದ್ದರೆ ಅವಳೂ ನಾಲ್ಕು ಮಾತು ಆಡುತ್ತಿದ್ದಳು. ಆದರೆ ಅವನು ಮೆತ್ತಗೆ ಹೇಳಿದ್ದರಿಂದ ಆ ಮಾತು ಗಂಟಲಲ್ಲಿ ಸಿಕ್ಕಿದ ಮುಳ್ಳಿನಂತೆ ಕೂತಿತ್ತು.

ಅಂಗಡಿ ಸಾಲಿನಲ್ಲಿ ನಿಂತ ಕಾರುಗಳ ವೈಪರ್ ಕೆಳಗೆ ಜಾಹೀರಾತಿನ ಚೀಟಿ ಸಿಕ್ಕಿಸಿದ್ದಾಯಿತು. ಮಾಲೀಕರು ಅದೇ ಚೀಟಿಯಿಂದ ಗಾಜು ಒರೆಸಿ ಬಿಸಾಡಿದರು. "ನೋಡಮ್ಮಾ, ನಮ್ಮ ಚೀಟಿಯಿಂದ ಒಂದಷ್ಟು ಕಾರಾದ್ರೂ ಕ್ಲೀನ್ ಆಯ್ತು" ಎಂದು ಮಾವ ನಕ್ಕರು. ಸೊಸೆಗೆ ನಗು ಬರಲಿಲ್ಲ. ಮನೆಯಲ್ಲಿ ಕಾರಿಟ್ಟುಕೊಂಡವರು ಬಿಡುವಿದ್ದಾಗ ತಾವೇ ತೊಳೆದುಕೊಳ್ಳುತ್ತಾರೆ, ಕಾರಿನಿಂದಲೇ ಬದುಕುವವರಿಗೆ ಬಿಡುವೆಲ್ಲಿದೆ ಎಂಬ ಯೋಚನೆ ಅವಳಿಗೆ ಹೊಳೆದದ್ದು ಆಗಲೇ. ಮರುದಿನ ಬೆಳಿಗ್ಗೆ ವ್ಯಾನು ರೈಲ್ವೆ ನಿಲ್ದಾಣದ ಹಿಂದಿನ ಟ್ಯಾಕ್ಸಿ ಸ್ಟ್ಯಾಂಡಿಗೆ ಹೋಯಿತು.

ಸ್ಟ್ಯಾಂಡಿನ ಮುಖಂಡನನ್ನು ಎಲ್ಲರೂ ಕರೆಯುತ್ತಿದ್ದದ್ದು ಗಡಿಯಾರ ಎಂದೇ. ಯಾವ ಕಾರು ಎಷ್ಟು ಗಂಟೆಗೆ ಸಾಲಿಗೆ ಬಂತು, ಯಾವುದು ಯಾವಾಗ ಹೊರಡಬೇಕು ಎಂಬುದೆಲ್ಲ ಅವನ ಬಾಯಲ್ಲಿ. ಸೊಸೆ ಚೀಟಿ ಚಾಚಿದಾಗ ಅವನು ಜೇಬಿನಿಂದ ಕೈ ಹೊರಗೇ ತೆಗೆಯಲಿಲ್ಲ.

"ನಮ್ಮ ಹುಡುಗರು ಬಕೆಟ್ಟು ಬಟ್ಟೆ ಇಟ್ಕೊಂಡಿದ್ದಾರಮ್ಮ. ದಾರಿ ಬಿಡಿ, ಗಾಡಿ ಬರುತ್ತೆ."

ಅವಳು ವ್ಯಾನಿನತ್ತ ತಿರುಗಿದಾಗಲೇ ಹಿಂದಿನಿಂದ ಜೋರು ಮಾತು ಕೇಳಿಸಿತು. ಉದ್ದಣ್ಣ ಎಂದು ಎಲ್ಲರೂ ಕರೆಯುವ, ಕಾರಿನಿಂದಿಳಿಯಲು ಮೂರು ಮಡಿಕೆ ಬಿಚ್ಚಿಕೊಳ್ಳುವಂಥ ಚಾಲಕನೊಬ್ಬ ಗಡಿಯಾರನ ಮುಂದೆ ಕೈ ಮುಗಿದು ನಿಂತಿದ್ದ. ಮೂರು ದಿನದ ಹಿಂದೆ ಯಾರೋ ಪ್ರಯಾಣಿಕರು ಅವನ ಕಾರಿನಲ್ಲಿ ಹಾಲಿನ ಕ್ಯಾನು ಉರುಳಿಸಿದ್ದರು. ಅವನು ಒರೆಸಿದ, ಸುಗಂಧದ ಬಾಟಲಿ ಸುರಿದ. ಈಗ ಬಾಗಿಲು ತೆಗೆದರೆ ಕೊಳೆತ ಹಾಲೂ ಮಲ್ಲಿಗೆಯೂ ಒಟ್ಟಿಗೆ ಮೂಗಿಗೆ ಹೊಡೆಯುತ್ತಿದ್ದವು. ಬೆಳಿಗ್ಗೆ ಹತ್ತಿದ ಪ್ರಯಾಣಿಕರು ಅರ್ಧ ದಾರಿಯಲ್ಲೇ ಇಳಿದು ಹೋಗಿದ್ದರು.

"ವಾಸನೆ ಹೋಗೋವರೆಗೂ ನಿನ್ನ ಗಾಡಿ ಸಾಲಿಗೆ ಬರೋ ಹಾಗಿಲ್ಲ" ಎಂದ ಗಡಿಯಾರ.

"ಒಂದೂವರೆಗೆ ಟೀಚರ್‌ನ ಡಯಾಲಿಸಿಸ್‌ಗೆ ಕರ್ಕೊಂಡು ಹೋಗಬೇಕಣ್ಣ. ಎರಡು ವರ್ಷದಿಂದ ವಾರಕ್ಕೆ ಮೂರು ದಿನ ನಾನೇ ಹೋಗ್ತಿರೋದು."

"ಅವರನ್ನ ಇದರಲ್ಲಿ ಕೂರಿಸ್ತೀಯಾ? ವಾಸನೆಗೇ ಅರ್ಧ ಜೀವ ಹೋಗುತ್ತೆ ಅವರಿಗೆ."

ಸೊಸೆ ಗಡಿಯಾರ ನೋಡಿದಳು, ಕೈಯಲ್ಲಿದ್ದದ್ದನ್ನು. ಹನ್ನೊಂದು ಕಾಲು. ಬಾಯಿ ಅವಳ ಅಪ್ಪಣೆ ಕೇಳದೆ ತೆರೆದುಕೊಂಡಿತು.

"ಒಂದೂವರೆಗೆ ನಾನು ಸರಿ ಮಾಡಿ ಕೊಡ್ತೀನಿ. ವಾಸನೆ ಹೋಗದಿದ್ರೆ ಒಂದು ಪೈಸೆನೂ ಬೇಡ."

ಹತ್ತಿಪ್ಪತ್ತು ಚಾಲಕರು ಸುತ್ತ ಸೇರಿದರು. ಗಡಿಯಾರ ಮೊದಲ ಬಾರಿಗೆ ಅವಳ ಮುಖ ನೋಡಿದ. "ಮಾಡಿ ತೋರ್ಸಿ. ಆಮೇಲೆ ನಿಮ್ಮ ಚೀಟಿ ಓದ್ತೀನಿ."

ಮಾವ ಮೆಲ್ಲಗೆ ಅವಳ ಪಕ್ಕಕ್ಕೆ ಬಂದರು. "ಹಾಲು ಕಣಮ್ಮ. ಡಿಪೋದಲ್ಲಿ ಹಾಲಿನ ವಾಸನೆ ಬಂದ್ರೆ ನಾವು ಸೀಟೇ ಬದಲಾಯಿಸ್ತಿದ್ವಿ."

"ಗೊತ್ತು ಮಾವ. ಬಿಸಿನೀರು ಮಾತ್ರ ಹತ್ರ ತರಬೇಡಿ. ಹಾಲು ಬೆಂದು ಅಲ್ಲೇ ಕಚ್ಕೊಂಡುಬಿಡುತ್ತೆ."

ಅವಳು ಕಾರ್ಪೆಟ್ಟಿನ ಅಂಚನ್ನು ಎತ್ತಿ ಮೂಗು ಹಿಡಿದಳು. ಕಾರ್ಪೆಟ್ಟು ಒಣಗಿತ್ತು. ಅದರಡಿ ಹಾಸಿದ, ಕಂಬಳಿಯಂಥ ದಪ್ಪ ಫೆಲ್ಟು ಮಾತ್ರ ಹಾಲನ್ನೆಲ್ಲ ಕುಡಿದು ಹಸಿಯಾಗಿಯೇ ಕೂತಿತ್ತು. ಮೇಲಿಂದ ಎಷ್ಟು ತಿಕ್ಕಿದರೂ ಅದಕ್ಕೆ ತಾಗುವುದಿಲ್ಲ. ಚಾಲಕನ ಪಕ್ಕದ ಸೀಟು ಬಿಚ್ಚಿ, ಕಾರ್ಪೆಟ್ಟು ಮಡಚಿ, ಫೆಲ್ಟನ್ನು ಕತ್ತರಿಸಿ ತೆಗೆಯಬೇಕು. ಉದ್ದಣ್ಣನಿಗೆ ಹೇಳಿದಾಗ ಅವನು ತಲೆ ಮೇಲೆ ಕೈಯಿಟ್ಟುಕೊಂಡ.

"ಸೀಟು ಬಿಚ್ತೀರಾ! ವಾಪಸ್ ಕೂರುತ್ತಾ ಅದು?"

"ಬಿಚ್ಚಿದ್ದು ನಾವೇ ಅಂದ್ಮೇಲೆ ಕೂರಿಸೋದೂ ನಾವೇ" ಎಂದರು ಮಾವ, ಸ್ಪಾನರು ಹಿಡಿದು.

ಮೂರು ಬೋಲ್ಟು ಸಲೀಸಾಗಿ ಬಂದವು. ನಾಲ್ಕನೆಯದು ತುಕ್ಕು ಹಿಡಿದು ಜಪ್ಪಯ್ಯ ಅನ್ನಲಿಲ್ಲ. ಮಾವ ಎಣ್ಣೆ ಹಾಕಿದರು, ತಟ್ಟಿದರು, ಮತ್ತೆ ಎಣ್ಣೆ ಹಾಕಿದರು. ಸುತ್ತ ನಿಂತವರಲ್ಲಿ ಒಬ್ಬ, ಬೆರಳ ಸಂದಿಯಿಂದ ಸಿಗರೇಟು ಎಂದೂ ಇಳಿಯದವನು, "ತಾತಾ, ಬೋಲ್ಟು ನಿಮ್ಮಷ್ಟೇ ಗಟ್ಟಿ" ಎಂದು ಕಿಚಾಯಿಸಿದ. ಎಲ್ಲರೂ ನಕ್ಕರು. ಮಾವನೂ ನಕ್ಕರು, ಆದರೆ ಅವರ ಕತ್ತಿನ ನರ ಉಬ್ಬಿದ್ದನ್ನು ಸೊಸೆ ನೋಡಿದಳು. ಹನ್ನೆರಡಕ್ಕೆ ಹತ್ತು ನಿಮಿಷವಿದ್ದಾಗ ಬೋಲ್ಟು ಕಿರ್ರೆಂದು ಅಲುಗಿತು.

ಸೀಟಿನ ತಳದಲ್ಲಿ ಹಳದಿ ಬಣ್ಣದ ಪ್ಲಗ್ಗೊಂದು ಸೀಟನ್ನು ನೆಲದ ವೈರಿಗೆ ಕಟ್ಟಿಹಾಕಿತ್ತು. ಏರ್‌ಬ್ಯಾಗಿನದು. ಕಾರಿನ ಕೀ ಪೂರ್ತಿ ಆಫ್ ಆಗಿ, ಬ್ಯಾಟರಿಯೂ ಬಿಚ್ಚಿದ್ದರೆ ಮಾತ್ರ ಅದನ್ನು ಮುಟ್ಟಬೇಕೆಂದು ಅವಳಿಗೆ ಗೊತ್ತಿತ್ತು. ಗೊತ್ತಿದ್ದದ್ದು ಆ ಕ್ಷಣ ಕೈಗೆ ಬರಲಿಲ್ಲ. ಕಿಟಕಿ ಗಾಜುಗಳನ್ನು ಇಳಿಸಲೆಂದು ಮಾವ ಕೀ ತಿರುಗಿಸಿದ್ದರು, ಹಾಗೇ ಬಿಟ್ಟಿದ್ದರು. ಅವಳು ಪ್ಲಗ್ಗನ್ನು ಎಳೆದಳು. ಯಾವ ಸದ್ದೂ ಆಗಲಿಲ್ಲ, ಹಾಗಾಗಿ ಯಾರಿಗೂ ಏನೂ ತಿಳಿಯಲಿಲ್ಲ.

ಆಮೇಲಿನ ಒಂದು ಗಂಟೆ ಅವಳು ತಲೆ ಎತ್ತಲಿಲ್ಲ. ಫೆಲ್ಟನ್ನು ಚೌಕಾಕಾರವಾಗಿ ಕತ್ತರಿಸಿ ಚೀಲಕ್ಕೆ ತುಂಬಿ ಬಾಯಿ ಕಟ್ಟಿದಳು. ಆಸ್ಪತ್ರೆಯಲ್ಲಿ ರಕ್ತ, ವಾಂತಿಗಳ ಕಲೆ ತೆಗೆಯಲು ಬಳಸುತ್ತಿದ್ದಂಥದೇ ದ್ರಾವಣವನ್ನು ತಣ್ಣೀರಿನಲ್ಲಿ ಕಲಸಿ ತಗಡಿಗೂ ಕಾರ್ಪೆಟ್ಟಿಗೂ ಹಚ್ಚಿದಳು. ಅದು ಹಾಲನ್ನು ತಿಂದು ಮುಗಿಸಲು ಇಪ್ಪತ್ತು ನಿಮಿಷ ಸುಮ್ಮನೆ ಬಿಡಬೇಕು. ಆ ಇಪ್ಪತ್ತು ನಿಮಿಷ ಸುಮ್ಮನೆ ಕೂರುವುದೇ ಎಲ್ಲಕ್ಕಿಂತ ಕಷ್ಟದ ಕೆಲಸವಾಯಿತು. ಉದ್ದಣ್ಣ ಕಾರಿನ ಸುತ್ತ ಹೆಜ್ಜೆ ಹಾಕುತ್ತ, "ಆಯ್ತಾ ಅಕ್ಕ? ಆಯ್ತಾ?" ಎನ್ನುತ್ತಲೇ ಇದ್ದ. ನಂತರ ನೀರು ಹಾಕಿ ಹೀರಿ, ಮತ್ತೆ ಹಾಕಿ ಹೀರಿ, ಗಾಳಿ ಊದಿ ಒಣಗಿಸಿದರು. ಅಷ್ಟರಲ್ಲಿ ದೊಡ್ಡ ರೈಲೊಂದು ಬಂದು ಸ್ಟ್ಯಾಂಡಿನ ಕಾರುಗಳೆಲ್ಲ ಒಂದೊಂದಾಗಿ ಖಾಲಿಯಾದವು. ಉಳಿದದ್ದು ಸಿಗರೇಟಿನವನ ಕಾರೊಂದೇ. ಗಡಿಯಾರ ಕಂಬಕ್ಕೆ ಒರಗಿ ನಿಂತೇ ಇದ್ದ.

ಒಂದು ಇಪ್ಪತ್ತೈದಕ್ಕೆ ಪ್ಲಗ್ಗು ಸಿಕ್ಕಿಸಿ ಸೀಟು ಕೂರಿಸಿದ್ದಾಯಿತು. ಉದ್ದಣ್ಣ ತಲೆ ಒಳಗೆ ಹಾಕಿ ಉಸಿರೆಳೆದ. ಇನ್ನೊಮ್ಮೆ ಎಳೆದ. ಮುಖ ಅರಳಿತು. "ಇಲ್ಲ! ಏನೂ ಇಲ್ಲ ಅಣ್ಣ, ಬಂದು ನೋಡಿ!"

ಕಾರು ಸ್ಟಾರ್ಟ್ ಮಾಡಿದ. ಸ್ಟೀರಿಂಗಿನ ಹಿಂದೆ ಉಳಿದ ದೀಪಗಳ ಜೊತೆ ಏರ್‌ಬ್ಯಾಗಿನ ಕೆಂಪು ದೀಪವೂ ಹೊತ್ತಿಕೊಂಡಿತು. ಉಳಿದ ದೀಪಗಳು ಆರಿದವು. ಅದೊಂದು ಆರಲಿಲ್ಲ.

ಮಾವನ ಕೈ ಕೀಯತ್ತ ಹೋಗಿ ಅರ್ಧದಲ್ಲೇ ನಿಂತಿತು. "ಕೀ ನಾನೇ ತಿರುಗಿಸಿದ್ದು" ಎಂದರು ಸಣ್ಣ ದನಿಯಲ್ಲಿ.

"ಪ್ಲಗ್ ಕಿತ್ತಿದ್ದು ನಾನು. ನೋಡಿ ಕೀಳಬೇಕಿತ್ತು." ಸೊಸೆ ಗಡಿಯಾರನತ್ತ ತಿರುಗಿದಳು. "ತಪ್ಪು ನಂದು. ಏರ್‌ಬ್ಯಾಗ್ ಕೆಟ್ಟಿಲ್ಲ, ಕೀ ತಿರುಗಿದ್ದಾಗ ಪ್ಲಗ್ ಕಿತ್ತಿದ್ದಕ್ಕೆ ಕೆಟ್ಟಿದೆ ಅಂತ ಕಾರು ಅಂದ್ಕೊಂಡಿದೆ. ಗ್ಯಾರೇಜಿನವರು ಯಂತ್ರ ಹಾಕಿ ಪರೀಕ್ಷೆ ಮಾಡಿ ದೀಪ ಆರಿಸಬೇಕು. ಅದರ ಖರ್ಚು ನಮ್ದು."

"ದೀಪ ಹೊತ್ತಿರೋ ಗಾಡಿ ಈ ಸ್ಟ್ಯಾಂಡಿನಿಂದ ಹೊರಗೆ ಹೋಗಲ್ಲ" ಎಂದ ಗಡಿಯಾರ. ದನಿಯಲ್ಲಿ ಕೋಪವಿರಲಿಲ್ಲ, ಅದೇ ಇನ್ನೂ ಭಯವಾಗುವಂತಿತ್ತು. "ಎರಡು ವರ್ಷದ ಹಿಂದೆ ಇಂಥದೇ ದೀಪ ನೋಡಿ ಪರವಾಗಿಲ್ಲ ಹೋಗು ಅಂದಿದ್ದೆ. ಆ ಹುಡುಗ ಈಗ ಕೋಲು ಹಿಡಿದು ನಡೀತಾನೆ."

ಉದ್ದಣ್ಣ ಸ್ಟೀರಿಂಗಿಗೆ ಹಣೆ ಇಟ್ಟ. "ಎರಡು ಗಂಟೆಗೆ ಟೀಚರ್ ಅಲ್ಲಿರಬೇಕು. ಕಾಲು ಗಂಟೆ ದಾಟಿದ್ರೆ ಮೆಷಿನ್ ಬೇರೆಯವರಿಗೆ ಕೊಟ್ಟುಬಿಡ್ತಾರೆ. ಇವತ್ತು ತಪ್ಪಿದ್ರೆ ಮೈಯೆಲ್ಲ ನೀರು ತುಂಬ್ಕೊಂಡು ಉಸಿರಾಡೋಕೆ ಆಗಲ್ಲ ಅವರಿಗೆ."

ಸಿಗರೇಟಿನವನು ಹೆಜ್ಜೆ ಮುಂದಿಟ್ಟ, ತನ್ನ ಬೆರಳನ್ನೇ ನೋಡಿಕೊಂಡ, ಹಿಂದೆ ಸರಿದ. ಅವನ ಕಾರಿನಲ್ಲಿ ಟೀಚರ್ ಒಮ್ಮೆ ಕೂತು ಆಸ್ಪತ್ರೆ ಮುಟ್ಟುವಷ್ಟರಲ್ಲಿ ಎರಡು ಸಲ ವಾಂತಿ ಮಾಡಿಕೊಂಡಿದ್ದರು.

"ನಮ್ಮ ವ್ಯಾನಿದೆ" ಎಂದಳು ಸೊಸೆ.

"ಟ್ಯಾಂಕು ತುಂಬ ನೀರಿದೆ, ತಿರುವಿನಲ್ಲಿ ತೊಟ್ಟಿಲು ತೂಗಿದ ಹಾಗೆ ತೂಗುತ್ತೆ ಅದು" ಎಂದು ಮಾವ ಯಾರ ಮಾತಿಗೂ ಕಾಯದೆ ಹಿಂದೆ ಹೋಗಿ ಟ್ಯಾಂಕಿನ ನಲ್ಲಿ ತೆಗೆದೇಬಿಟ್ಟರು. ನೀರೆಲ್ಲ ಸ್ಟ್ಯಾಂಡಿನ ಚರಂಡಿಗೆ ಹರಿಯಿತು. ಮಧ್ಯಾಹ್ನ ಇನ್ನೆರಡು ಕಾರು ತೊಳೆಯುವುದಿತ್ತು. ಒಂಬತ್ತರಲ್ಲಿ ಇಬ್ಬರು ಗಿರಾಕಿಗಳು.

ಮಾವನನ್ನು ಕಾರಿನ ಹತ್ತಿರ ಬಿಟ್ಟು ಸೊಸೆ ಒಬ್ಬಳೇ ವ್ಯಾನು ಹೊರಡಿಸಿದಳು. ಟೀಚರ್ ಮನೆ ಮೂರನೇ ರಸ್ತೆಯಲ್ಲಿತ್ತು. ಅರವತ್ತು ದಾಟಿದ, ಬಡಕಲು ದೇಹದ, ಕಣ್ಣಲ್ಲಿ ಮಾತ್ರ ಇನ್ನೂ ಬೆತ್ತ ಹಿಡಿದಿದ್ದ ಹೆಂಗಸು ಗೇಟಿನ ಹೊರಗೇ ಕುರ್ಚಿ ಹಾಕಿ ಕೂತಿದ್ದರು. ಉದ್ದಣ್ಣ ಫೋನಿನಲ್ಲಿ ಎಲ್ಲ ಹೇಳಿದ್ದ.

"ನೀವೇನಾ ದೀಪ ಹೊತ್ತಿಸಿದವರು?" ಎಂದರು ವ್ಯಾನು ಹತ್ತುತ್ತಲೇ.

"ಹೌದು ಟೀಚರ್."

"ಒಪ್ಕೊಂಡ್ರಲ್ಲ. ಹೊರಡಿ."

ಮುಖ್ಯ ರಸ್ತೆಯಲ್ಲಿ ಲಾರಿಯೊಂದು ಅಡ್ಡ ನಿಂತು ವಾಹನಗಳು ಸಾಲುಗಟ್ಟಿದ್ದವು. ಒಂದು ನಲವತ್ತೆಂಟು. ಪಕ್ಕದಲ್ಲಿ ಟೀಚರ್ ಉಸಿರು ಸಣ್ಣ ಸಣ್ಣ ತುಂಡಾಗಿ ಬರುತ್ತಿತ್ತು. ಕಾಲಿನ ಪಾದ ಚಪ್ಪಲಿಯ ಪಟ್ಟಿಯನ್ನು ಮೀರಿ ಉಬ್ಬಿತ್ತು. ಆಸ್ಪತ್ರೆಯಲ್ಲಿ ಹನ್ನೊಂದು ವರ್ಷ ಇದ್ದವಳಿಗೆ ಅದರ ಅರ್ಥ ಯಾರೂ ಹೇಳಬೇಕಾಗಿರಲಿಲ್ಲ.

"ಎಡಕ್ಕೆ ಹೋಗಿ, ಶಾಲೆ ಹಿಂದಿನ ಗಲ್ಲಿ" ಎಂದರು ಟೀಚರ್. "ಲೇಟಾಗಿ ಬರೋ ಮಕ್ಕಳು ಅದರಲ್ಲೇ ನುಗ್ಗಿ ಬರೋರು. ನನಗೆ ಗೊತ್ತಿಲ್ಲ ಅಂದ್ಕೊಂಡಿದ್ರು."

ಗಲ್ಲಿ ಎಷ್ಟು ಕಿರಿದೆಂದರೆ ವ್ಯಾನಿನ ಎರಡೂ ಕನ್ನಡಿಗಳನ್ನು ಮಡಚಬೇಕಾಯಿತು. ಒಂದು ಕಡೆ ಗೋಡೆ ಬಾಗಿಲನ್ನು ಕೆರೆದ ಸದ್ದು ಕೇಳಿಸಿತು. ಬೇರೆಯವರ ಕಾರಿನ ಗೀರು ತೆಗೆಯುವ ತನ್ನ ವ್ಯಾನಿಗೇ ಮೊಳದುದ್ದದ ಗೀರು ಬಿದ್ದರೂ ಅವಳು ನಿಲ್ಲಿಸಲಿಲ್ಲ.

ಆಸ್ಪತ್ರೆ ಮುಟ್ಟಿದಾಗ ಎರಡು ಗಂಟೆ ಹನ್ನೊಂದು ನಿಮಿಷ. ನರ್ಸ್ ಬಾಗಿಲಲ್ಲೇ ನಿಂತು ಇನ್ನೊಬ್ಬರ ಹೆಸರು ಕೂಗಲು ಬಾಯಿ ತೆರೆದಿದ್ದಳು. ಸೊಸೆ ವೀಲ್‌ಚೇರ್ ತಳ್ಳಿಕೊಂಡು ಓಡುತ್ತ, "ಬಂದ್ರು, ಬಂದ್ರು" ಎಂದು ಕೂಗಿದ ಕೂಗು ಇಡೀ ವರಾಂಡಕ್ಕೆ ಕೇಳಿಸಿತು. ಟೀಚರ್ ಒಳಗೆ ಹೋದ ಮೇಲೆ ಅವಳು ಗೋಡೆಗೆ ಒರಗಿದಳು. ಅಲ್ಲೇ ನೆಲದ ಮೇಲೆ ಕೂತುಬಿಟ್ಟಳು.

ಸಂಜೆ ಆರೂಕಾಲಿಗೆ ಉದ್ದಣ್ಣ ಆಸ್ಪತ್ರೆಗೆ ಕಾರು ತಂದ. ಗ್ಯಾರೇಜಿನವನು ಬಂದು ಏರ್‌ಬ್ಯಾಗು ಪರೀಕ್ಷಿಸಿ, ದೀಪ ಆರಿಸಿ ಹೋಗಿದ್ದ. ಉದ್ದಣ್ಣನ ಜೊತೆ ಮಾವ ಬಂದಿದ್ದರು, ಕರೆಯದಿದ್ದರೂ ಗಡಿಯಾರನೂ ಬಂದಿದ್ದ. ಬಳಲಿ ಬಿಳಿಚಿದ ಟೀಚರ್ ಕಾರು ಹತ್ತಿದರು. ಬಾಗಿಲು ಹಾಕಿಸಿದರು. ನಾಲ್ಕೂ ಗಾಜು ಏರಿಸಿ ಎಂದರು. ಹೊರಗೆ ನಿಂತ ನಾಲ್ವರೂ ಫಲಿತಾಂಶಕ್ಕೆ ಕಾದ ಮಕ್ಕಳಂತೆ ಗಾಜಿನೊಳಗೆ ನೋಡುತ್ತಿದ್ದರು. ಒಂದು ನಿಮಿಷ ಕಳೆಯಿತು. ಗಾಜು ಇಳಿಯಿತು.

"ಸ್ವಲ್ಪ ಸೋಪಿನ ವಾಸನೆ ಇದೆ" ಎಂದರು ಟೀಚರ್. "ಅಷ್ಟು ಸಹಿಸ್ಕೋತೀನಿ."

ಆಮೇಲೆ ಗಡಿಯಾರನನ್ನು ಹತ್ತಿರ ಕರೆದರು. "ಒಳಗೆ ನನ್ನನ್ನೂ ಸೇರಿಸಿ ಹನ್ನೆರಡು ಜನ ಮಲಗಿರ್ತೀವಿ. ಎಲ್ಲರೂ ಬಾಡಿಗೆ ಕಾರಲ್ಲೇ ಬರೋದು, ಎಲ್ಲರಿಗೂ ವಾಸನೆ ಅಂದ್ರೆ ಹೊಟ್ಟೆ ತೊಳೆಸುತ್ತೆ. ನಾವು ಹೇಳಲ್ಲ, ಕಾರು ಬದಲಾಯಿಸ್ತೀವಿ ಅಷ್ಟೆ. ಶುದ್ಧವಾಗಿರೋ ನಾಲ್ಕು ಕಾರು ನಿಮ್ಮ ಹತ್ರ ಇದ್ರೆ ಎಲ್ಲರಿಗೂ ನಂಬರ್ ಕೊಡ್ತೀನಿ. ಇಲ್ಲ ಅಂದ್ರೆ ಇಲ್ಲ."

ಗಡಿಯಾರ ಗಲ್ಲ ಕೆರೆದುಕೊಂಡ. ಸೊಸೆಯ ಕಡೆ ಕೈ ಚಾಚಿದ. "ಕೊಡಿ ನಿಮ್ಮ ಚೀಟಿ."

ಇಡೀ ಸ್ಟ್ಯಾಂಡು ಅವಳ ಕೈಗೆ ಬಂತು ಅಂತೇನಲ್ಲ. ಮೊದಲ ವಾರ ನಾಲ್ಕು ಕಾರು, ತಿಂಗಳ ಕೊನೆಗೆ ಹನ್ನೊಂದು. ಉಳಿದವರು ಬಕೆಟ್ಟು ಬಟ್ಟೆಯನ್ನೇ ನೆಚ್ಚಿಕೊಂಡರು. ಆ ಮಧ್ಯಾಹ್ನ ತಪ್ಪಿಹೋದ ಇಬ್ಬರು ಗಿರಾಕಿಗಳಲ್ಲಿ ಒಬ್ಬರು ಮತ್ತೆ ಫೋನೇ ಎತ್ತಲಿಲ್ಲ. ಆದರೆ ಡಯಾಲಿಸಿಸ್‌ಗೆ ಬರುವವರ ಪೈಕಿ ಮೂವರ ಮಕ್ಕಳು ತಮ್ಮ ಸ್ವಂತ ಕಾರನ್ನೂ ತೊಳೆಸಲು ಕರೆದರು. ಆರನೇ ತಿಂಗಳು ಬಂದು ಹೋಯಿತು. ಗಂಡ ವ್ಯಾನಿನ ಮಾತೆತ್ತಲಿಲ್ಲ, ರಜೆಯ ದಿನ ತಾನೇ ಪೈಪು ಹಿಡಿದು ಟ್ಯಾಂಕಿಗೆ ನೀರು ತುಂಬಿಸತೊಡಗಿದ. ಮಾವ ಮಾತ್ರ ಈಗ ಯಾವ ಕಾರಿಗೆ ಕೈ ಹಾಕಿದರೂ ಮೊದಲು ಕೀ ಕಿತ್ತು ತಮ್ಮ ಜೇಬಿಗೇ ಹಾಕಿಕೊಳ್ಳುತ್ತಾರೆ. ಎರಡು ಸಲ ಹಾಗೇ ಮರೆತು ಮನೆಗೆ ತಂದು, ಸೊಸೆಯಿಂದ ಬೈಸಿಕೊಂಡು, ವಾಪಸ್ ಕೊಟ್ಟು ಬಂದದ್ದೂ ಉಂಟು.