ಇರುವೆ ಆಟ ಬರೆದವರು

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಮನೆಯವರೆಲ್ಲ ಹೇಳುತ್ತಾರೆ. ಹೇಳಲಿ, ಸುಳ್ಳೇನಲ್ಲ. ಆದರೆ ಹಳೆಯ ಕಂಪ್ಯೂಟರಿನ ಮುಂದೆ ಕೂತಾಗ ನನ್ನಷ್ಟು ತಾಳ್ಮೆಯ ಮನುಷ್ಯ ನಿಮಗೆ ಹುಡುಕಿದರೂ ಸಿಗುವುದಿಲ್ಲ. ವಾರವೆಲ್ಲ ಲಿಫ್ಟ್ ರಿಪೇರಿ ಮಾಡುತ್ತೇನೆ. ಭಾನುವಾರ ಹಿಂದಿನ ಕೋಣೆಯ ಬಾಗಿಲು ಹಾಕಿಕೊಂಡು, ಕಾವಿಗೆ ಹಳದಿ ತಿರುಗಿದ ಯಂತ್ರಗಳ ಹೊಟ್ಟೆ ಬಿಚ್ಚಿ, ಉಬ್ಬಿದ ಕೆಪಾಸಿಟರ್ ಕಿತ್ತು, ಹೊಸದನ್ನು ಬೆಸೆಯುತ್ತ ಕೂರುತ್ತೇನೆ. ಅಲ್ಲಿ ಅಂಥ ಹನ್ನೊಂದು ಯಂತ್ರಗಳಿವೆ. ನನ್ನ ಹೆಂಡತಿ ನರ್ಸ್. ಅವಳು ಆ ಕೋಣೆಯನ್ನು ಅಜ್ಜಂದಿರ ವಾರ್ಡು ಎನ್ನುತ್ತಾಳೆ.

ನನ್ನ ಹಾಗೆ ತಲೆ ಕೆಟ್ಟವರು ಊರಿನಲ್ಲಿ ಇನ್ನೂ ಇಪ್ಪತ್ತು ಜನರಿದ್ದಾರೆ. ತಿಂಗಳಿಗೊಮ್ಮೆ ಗ್ರಂಥಾಲಯದ ಮಹಡಿಯಲ್ಲಿ ಸೇರುತ್ತೇವೆ. ನಿವೃತ್ತ ಗಣಿತದ ಮೇಷ್ಟ್ರೊಬ್ಬರು ನಮ್ಮ ಕಾರ್ಯದರ್ಶಿ. ಮೂರು ತಿಂಗಳ ಹಿಂದೆ ಅವರಿಗೆ ಗುಜರಿ ಅಂಗಡಿಯಲ್ಲಿ ಒಂದು ಹಳೆಯ ಕಂಪ್ಯೂಟರ್ ಪತ್ರಿಕೆ ಸಿಕ್ಕಿತು. ಆ ಕಾಲದ ಪತ್ರಿಕೆಗಳಲ್ಲಿ ಆಟಗಳನ್ನು ಸಾಲು ಸಾಲಾಗಿ ಅಚ್ಚು ಹಾಕುತ್ತಿದ್ದರು. ಓದುಗರು ಅವನ್ನು ಅಕ್ಷರ ಬಿಡದೆ ಟೈಪ್ ಮಾಡಿಕೊಂಡು ಆಡಬೇಕಿತ್ತು. ಅದರ ಮೂವತ್ತೊಂದನೆಯ ಪುಟದಲ್ಲಿ 'ಇರುವೆ' ಎಂಬ ಆಟ. ಕೆಳಗೆ ನನ್ನ ಹೆಸರು, ಪಕ್ಕದಲ್ಲಿ ತಲೆಗೆ ಎಣ್ಣೆ ಹಚ್ಚಿ ಬೈತಲೆ ತೆಗೆದ ನನ್ನ ಹದಿಮೂರನೆಯ ವಯಸ್ಸಿನ ಫೋಟೋ.

ಮೇಷ್ಟ್ರು ಫೋನಿನಲ್ಲೇ ಕುಣಿದಾಡಿದರು. ಇಷ್ಟು ವರ್ಷ ಜೊತೆಗಿದ್ದೂ ಈ ವಿಷಯ ಬಾಯಿ ಬಿಡಲಿಲ್ಲವಲ್ಲ, ಎಂಥ ಆಸಾಮಿ ನೀವು ಎಂದರು. ಬೇರೆ ಎಲ್ಲ ಕಡೆ ನಾನು ಬಾಯಿ ಬಿಟ್ಟವನೇ. ಕೆಲಸದ ಇಂಟರ್‌ವ್ಯೂನಲ್ಲಿ ಹೇಳಿಕೊಂಡಿದ್ದೇನೆ, ಹೆಂಡತಿಯ ಹತ್ತಿರ ಹೇಳಿಕೊಂಡಿದ್ದೇನೆ, ಮಕ್ಕಳು ಕಡಿಮೆ ಅಂಕ ತಂದಾಗಲೆಲ್ಲ ಅವರ ಮುಖಕ್ಕೆ ಹಿಡಿದಿದ್ದೇನೆ. ಮೇಷ್ಟ್ರ ಗುಂಪಿನಲ್ಲಿ ಮಾತ್ರ ಹೇಳಿರಲಿಲ್ಲ. ಯಾಕೆಂದರೆ ಅಲ್ಲಿ ಯಾರಾದರೂ ಪ್ರಶ್ನೆ ಕೇಳಿಬಿಡುತ್ತಾರೆ. ಆ ಆಟ ಬರೆದದ್ದು ನಾನಲ್ಲ. ನನ್ನ ಅಕ್ಕ.

ಬರುವ ಸಭೆಯಲ್ಲಿ ಆ ಆಟವನ್ನು ಎಲ್ಲರ ಮುಂದೆ ಆಡಿಸಿ, ನನ್ನಿಂದ ನಾಲ್ಕು ಮಾತಾಡಿಸುತ್ತೇವೆ ಎಂದು ಮೇಷ್ಟ್ರು ಹಟ ಹಿಡಿದರು. ಬೇಡ ಎಂದೆ. ಅದನ್ನು ಅವರು ದೊಡ್ಡತನ ಎಂದುಕೊಂಡರು. ಪಕ್ಕದಲ್ಲಿ ಕೇಳಿಸಿಕೊಳ್ಳುತ್ತಿದ್ದ ಹೆಂಡತಿ, ತನಗೆ ಆ ಭಾನುವಾರ ಡ್ಯೂಟಿ ಇದೆಯೆಂದು, ತನ್ನ ಬದಲು ಹೋಗಿ ಕೂತುಕೊಳ್ಳಲು ಅಕ್ಕನಿಗೆ ಫೋನ್ ಮಾಡಿ ಒಪ್ಪಿಸಿಯೂ ಬಿಟ್ಟಳು. ಅಕ್ಕ ಏನಂದಳು ಎಂದು ಹೆದರುತ್ತಲೇ ಕೇಳಿದೆ. ಬರ್ತೀನಿ ಅಂದರಪ್ಪ, ಇನ್ನೇನು ಅಂತಾರೆ ಎಂದಳು.

ನಮ್ಮಪ್ಪ ರೇಡಿಯೋ, ಟೀವಿ ರಿಪೇರಿ ಮಾಡುತ್ತಿದ್ದರು. ನನಗೆ ಹನ್ನೆರಡು ತುಂಬಿದ ವರ್ಷ ಯಾರೋ ಗಿರಾಕಿ ಕೆಟ್ಟ ಕಂಪ್ಯೂಟರೊಂದನ್ನು ಅಂಗಡಿಗೆ ತಂದು, ವಾಪಸು ಒಯ್ಯಲು ಬರಲೇ ಇಲ್ಲ. ಅಪ್ಪ ಅದನ್ನು ಸರಿ ಮಾಡಿ, ಒರೆಸಿ, ಮನೆಗೆ ತಂದು ನನ್ನ ತೊಡೆಯ ಮೇಲಿಟ್ಟರು. ಪಠ್ಯಪುಸ್ತಕದಷ್ಟು ದೊಡ್ಡದು, ರಬ್ಬರಿನ ಕೀಲಿಗಳು, ಟೀವಿಗೆ ಸಿಕ್ಕಿಸಿದರೆ ಕಪ್ಪು ಪರದೆಯ ಮೂಲೆಯಲ್ಲಿ ಒಂದು ಬಿಳಿ ಚೌಕ ಮಿಟುಕುತ್ತಿತ್ತು. ಅದರ ಜೊತೆ ಬಂದಿದ್ದ ದಪ್ಪ ಪುಸ್ತಕವನ್ನು ನಾನು ಎರಡು ಪುಟ ಓದಿ ಬಿಸಾಕಿದೆ. ಅಕ್ಕ ಎತ್ತಿಕೊಂಡಳು. ಅವಳಿಗೆ ಆಗ ಹದಿನಾರು.

ಅವಳಿಗೆ ಬೆಳಗಿನ ಪಾಳಿಯ ಶಾಲೆ. ಅಪ್ಪ ಅಂಗಡಿಯಲ್ಲಿ, ಅಮ್ಮ ಆಫೀಸಿನಲ್ಲಿ, ನಾನು ಶಾಲೆಯಲ್ಲಿ. ಹಾಗಾಗಿ ಮಧ್ಯಾಹ್ನವೆಲ್ಲ ಮನೆಯಲ್ಲಿ ಅವಳು ಮತ್ತು ಆ ಯಂತ್ರ ಇಬ್ಬರೇ. ಎರಡು ತಿಂಗಳಲ್ಲಿ ನೋಟ್‌ಬುಕ್ಕಿನಲ್ಲಿ ಪೆನ್ಸಿಲಿನಿಂದ ಆಟ ಬರೆದಿಟ್ಟಳು. ಅಡುಗೆಮನೆಯ ಕಟ್ಟೆಯ ಮೇಲೆ ಇರುವೆಯೊಂದು ಸಕ್ಕರೆಯ ಹರಳು ಹೊತ್ತು ಗೋಡೆಯ ಬಿರುಕು ಸೇರಬೇಕು, ಅಷ್ಟರಲ್ಲಿ ಪೊರಕೆ ಬರುತ್ತದೆ. ಇರುವೆ ಎಂದರೆ ಒಂದು ಚುಕ್ಕಿ, ಪೊರಕೆ ಎಂದರೆ ಐದು ಗೆರೆ. ಅಷ್ಟಕ್ಕೇ ನನ್ನ ಮೈಯೆಲ್ಲ ಬೆವರುತ್ತಿತ್ತು.

ಆಟಗಳನ್ನು ಕ್ಯಾಸೆಟ್ಟಿನಲ್ಲಿ ಉಳಿಸಿಡಬೇಕಿತ್ತು, ಆದರೆ ನಮ್ಮ ಟೇಪ್‌ರೆಕಾರ್ಡರ್ ಕೈಕೊಟ್ಟಿತ್ತು. ಸ್ವಿಚ್ ಆರಿಸಿದರೆ ಬರೆದದ್ದೆಲ್ಲ ಅಳಿಸಿಹೋಗುತ್ತಿತ್ತು. ಅದಕ್ಕೆ ಅಕ್ಕ ದಿನಾ ಮಧ್ಯಾಹ್ನ ಎಂಬತ್ತೇಳು ಸಾಲುಗಳನ್ನೂ ಹೊಸದಾಗಿ ಟೈಪ್ ಮಾಡುತ್ತಿದ್ದಳು. ನಾನು ಬಂದು ಚೀಲ ಎಸೆಯುವ ಹೊತ್ತಿಗೆ ಇರುವೆ ಸಿದ್ಧವಾಗಿರುತ್ತಿತ್ತು. ಆಟ ಮೊದಲು ಹೆಸರು ಕೇಳುತ್ತಿತ್ತು. ನಾನು PUTTA ಎಂದು ಒತ್ತುತ್ತಿದ್ದೆ. ಮನೆಯಲ್ಲಿ ನಾನು ಪುಟ್ಟ; ಅಕ್ಕನ ಬಾಯಲ್ಲಿ ಇವತ್ತಿಗೂ ಅದೇ.

ಮೊದಮೊದಲು ನಾನು ಸೋತೇ ಸೋಲುತ್ತಿದ್ದೆ. ಸೋತಾಗಲೆಲ್ಲ ಕೀಲಿಮಣೆ ಗುದ್ದುತ್ತಿದ್ದೆ. ಒಂದು ಸಲ ಎತ್ತಿ ಎಸೆದಾಗ ಒಂದು ಕೀಲಿ ಕಿತ್ತುಬಂತು, ಅಕ್ಕ ಅದನ್ನು ಅಂಟಿಸಿ ಅಪ್ಪನಿಗೆ ಗೊತ್ತಾಗದ ಹಾಗೆ ನೋಡಿಕೊಂಡಳು. ಅದಾದ ವಾರಕ್ಕೆಲ್ಲ ನಾನು ಗೆಲ್ಲಲು ಶುರು ಮಾಡಿದೆ. ಗೆಳೆಯರನ್ನು ಕರೆದು ಆಡಿಸಿದರೆ ಅವರು ಅರ್ಧ ನಿಮಿಷ ನಿಲ್ಲುತ್ತಿರಲಿಲ್ಲ, ನಾನು ಹತ್ತು ನಿಮಿಷ ಆಡುತ್ತಿದ್ದೆ. ಬೀದಿಯಲ್ಲೆಲ್ಲ ನನ್ನದೇ ಜಂಬ. ಅಕ್ಕ ಹಿಂದೆ ಕೂತು ಬಟ್ಟೆ ಮಡಚುತ್ತ ಭೇಷ್ ಕಣೋ ಎನ್ನುತ್ತಿದ್ದಳು.

ಪತ್ರಿಕೆಯವರು ಓದುಗರ ಆಟಗಳನ್ನು ಅಂಚೆಯಲ್ಲಿ ಕಳಿಸಿ ಎಂದು ಪ್ರಕಟಿಸಿದ್ದು ಮರುವರ್ಷ. ಆಗ ನಾನು ಚಿಕ್ಕವನು, ತಿಳಿಯದೆ ಮಾಡಿದೆ ಎಂದರೆ ನೀವು ನಂಬಬಹುದು. ನಂಬಬೇಡಿ. ಅಕ್ಕ ಚಿಕ್ಕಮ್ಮನ ಮನೆಗೆ ಹೋದ ದಿನವನ್ನೇ ಕಾದು, ಅವಳ ನೋಟ್‌ಬುಕ್ ತೆಗೆದು, ಎಂಬತ್ತೇಳು ಸಾಲನ್ನೂ ದುಂಡಗೆ ನಕಲು ಮಾಡಿ, ಕೊನೆಗೆ ನನ್ನ ಹೆಸರು ಬರೆದೆ. ನಡುವೆ ಒಂದು ಸಾಲಿನಲ್ಲಿ PUTTA ಎಂದಿತ್ತು. ಅದು ಏನು ಮಾಡುತ್ತದೆ ಎಂದು ಯೋಚಿಸಲಿಲ್ಲ. ನನ್ನ ಹೆಸರೇ ಒಳಗಿದೆಯಲ್ಲ, ಅಂದಮೇಲೆ ಆಟ ನನ್ನದೇ ಎಂದು ಸಮಾಧಾನ ಮಾಡಿಕೊಂಡೆ.

ಅಚ್ಚಾಗಿ ಬಂದಾಗ ಅಪ್ಪ ಉಬ್ಬಿಹೋದರು. ಹತ್ತು ಪ್ರತಿ ಕೊಂಡು ಅಂಗಡಿಗೆ ಬಂದವರಿಗೆಲ್ಲ ತೋರಿಸಿದರು. ಅಕ್ಕ ಆ ಪುಟ ತೆರೆದು, ಸಾಲುಗಳ ಮೇಲೆ ಬೆರಳಾಡಿಸುತ್ತ ಕೊನೆಯವರೆಗೆ ಓದಿದಳು. ಆಮೇಲೆ ಹೇಳಿದ್ದು ಒಂದೇ ಮಾತು.

"ಒಂದೂ ತಪ್ಪಿಲ್ದೆ ಬರ್ಕೊಂಡಿದೀಯ."

ಬೈದಿದ್ದರೆ, ಅಪ್ಪನಿಗೆ ಹೇಳಿಕೊಟ್ಟಿದ್ದರೆ, ಕೆನ್ನೆಗೆ ಎರಡು ಬಿಟ್ಟಿದ್ದರೆ ನಾನು ಬದುಕುತ್ತಿದ್ದೆ. ಅವಳು ಕಂಪ್ಯೂಟರ್ ಮುಟ್ಟುವುದನ್ನು ಬಿಟ್ಟಳು, ಅಷ್ಟೇ. ಮುಂದೆ ಹೊಲಿಗೆ ಕಲಿತಳು. ಈಗ ಯೂನಿಫಾರಂ ಹೊಲಿಯುವ ಅಂಗಡಿಯೊಂದರಲ್ಲಿ ಬಟ್ಟೆ ಕತ್ತರಿಸುವವಳು ಅವಳೇ, ಮೂವತ್ತು ವರ್ಷವಾಯಿತು. ನನ್ನ ಮೇಲಿನ ಅಕ್ಕರೆಯಲ್ಲಿ ಒಂದು ಎಳೆಯೂ ಕಡಿಮೆ ಮಾಡಲಿಲ್ಲ. ನಾನು ಮಾತ್ರ ಹನ್ನೊಂದು ಯಂತ್ರಗಳಿಗೆ ಜೀವ ಕೊಟ್ಟರೂ, ಯಾವುದರಲ್ಲೂ ಆ ಆಟವನ್ನು ಟೈಪ್ ಮಾಡಿ ನೋಡುವ ಧೈರ್ಯ ಮಾಡಲಿಲ್ಲ.

ಆ ಭಾನುವಾರ ಗ್ರಂಥಾಲಯದ ಮಹಡಿ ತುಂಬಿತ್ತು. ಮಡಚುವ ಕುರ್ಚಿಗಳು, ಮೇಜಿನ ಮೇಲೆ ಹಳೆಯ ಡಬ್ಬಾ ಟೀವಿ, ಅದರ ಮುಂದೆ ನಮ್ಮ ಮನೆಯಲ್ಲಿದ್ದಂಥದೇ ಯಂತ್ರ. ಅಕ್ಕ ಮೂರನೆಯ ಸಾಲಿನ ತುದಿಯಲ್ಲಿ, ಇಸ್ತ್ರಿ ಮಾಡಿದ ಸೀರೆ ಉಟ್ಟು, ಕನ್ನಡಕ ಏರಿಸಿಕೊಂಡು ಕೂತಿದ್ದಳು. ಅವಳು ಯಾರೆಂದು ನಾನು ಯಾರಿಗೂ ಪರಿಚಯಿಸಲಿಲ್ಲ. ಅದಕ್ಕೂ ನನಗೆ ನಾಚಿಕೆ ಇದೆ.

ಮೇಷ್ಟ್ರು ತಾವೇ ಇಡೀ ಆಟವನ್ನು ಟೈಪ್ ಮಾಡಿಟ್ಟಿದ್ದರು. ತಮ್ಮ ಹೆಸರು ಒತ್ತಿ ಆಡಿದರು. ಅರ್ಧ ನಿಮಿಷಕ್ಕೆ ಪೊರಕೆ ಗುಡಿಸಿಹಾಕಿತು, ಜನ ನಕ್ಕರು. ಆಮೇಲೆ ಅವರು ಮೈಕ್ ಹಿಡಿದು, ಇಲ್ಲೊಂದು ಗುಟ್ಟಿದೆ ಎಂದರು. ಆ ಕಾಲದಲ್ಲಿ ಸಾಲುಗಳಿಗೆ ಹತ್ತು, ಇಪ್ಪತ್ತು, ಮೂವತ್ತು ಎಂದು ಹತ್ತರ ಅಂತರದಲ್ಲಿ ಸಂಖ್ಯೆ ಕೊಡುತ್ತಿದ್ದರು; ಮುನ್ನೂರಹತ್ತು ಎಂಬ ಸಂಖ್ಯೆಯ ಸಾಲನ್ನು ತೋರಿಸಿದರು. ಆಡುವವರ ಹೆಸರು PUTTA ಎಂದಿದ್ದರೆ ಪೊರಕೆಯ ವೇಗ ಅರ್ಧಕ್ಕೆ ಇಳಿಯುತ್ತದೆ. ಆ ಹೆಸರು ಒತ್ತಿ ಮತ್ತೆ ಆಡಿದರು. ಪೊರಕೆ ಮುದುಕಿಯ ಹಾಗೆ ನಿಧಾನವಾಗಿ ಬಂತು. ಇರುವೆ ಸಲೀಸಾಗಿ ಬಿರುಕು ಸೇರಿತು.

ಇಷ್ಟು ವರ್ಷ ಕದ್ದದ್ದು ಆಟವೊಂದೇ ಎಂದುಕೊಂಡಿದ್ದೆ. ಆ ಬೀದಿಯಲ್ಲಿ ಯಾರಿಗೂ ನನ್ನನ್ನು ಸೋಲಿಸಲಾಗಲಿಲ್ಲ ಎಂಬ ಒಂದು ಹೆಮ್ಮೆಯಾದರೂ ನನ್ನ ಸ್ವಂತದ್ದು ಎಂದುಕೊಂಡಿದ್ದೆ. ಅದನ್ನೂ ಅವಳೇ ಕೊಟ್ಟಿದ್ದಳು. ನಾನು ಗುದ್ದಬಾರದು, ಅಳಬಾರದು ಎಂದು, ನನಗೆ ಗೊತ್ತೇ ಆಗದ ಹಾಗೆ ಕೊಟ್ಟಿದ್ದಳು.

"ಈ ಪುಟ್ಟ ಯಾರು ಸಾರ್?" ಎಂದು ಮೇಷ್ಟ್ರು ಮೈಕನ್ನು ನನ್ನ ಕೈಗಿಟ್ಟರು.

ಆಗಲೇ ಹೇಳಿಬಿಡಬಹುದಿತ್ತು. ನನ್ನ ಬಾಯಿಂದ ಬಂದದ್ದೇನು ಗೊತ್ತೇ? ಮನೆಯಲ್ಲಿ ಒಂದು ಮಗುವಿತ್ತು, ಸೋತರೆ ತುಂಬ ಅಳುತ್ತಿತ್ತು, ಪಾಪ ಎನಿಸಿ ನಾನೇ ಅದಕ್ಕೆ ಸುಲಭ ಮಾಡಿಕೊಟ್ಟೆ ಎಂದೆ. ಜನ ಚಪ್ಪಾಳೆ ತಟ್ಟಿದರು. ಮುಂದಿನ ಸಾಲಿನ ಹೆಂಗಸೊಬ್ಬರು, ಆ ವಯಸ್ಸಿಗೇ ಎಂಥ ಒಳ್ಳೆಯ ಮನಸ್ಸು ಎಂದು ಪಕ್ಕದವರಿಗೆ ಹೇಳಿದ್ದು ನನ್ನ ಕಿವಿಗೆ ಬಿತ್ತು. ಹದಿಮೂರರಲ್ಲಿ ಅವಳ ಬುದ್ಧಿ ಕದ್ದಿದ್ದೆ, ಐವತ್ತೊಂದರಲ್ಲಿ ಅವಳ ಮನಸ್ಸನ್ನೂ ಕದ್ದೆ, ಅದೂ ಅವಳ ಕಣ್ಣೆದುರಿಗೆ.

ಮೇಷ್ಟ್ರು ಅಲ್ಲಿಗೆ ಬಿಡಲಿಲ್ಲ. ಗಣಿತದವರಲ್ಲವೇ. ಪೊರಕೆಯಿಂದ ತಪ್ಪಿಸಿಕೊಳ್ಳಲು ಹಾರುವಾಗ ಇರುವೆಯ ಜಾಗದ ಸಂಖ್ಯೆಯಿಂದ ಮೂವತ್ಮೂರು ಕಳೆಯುತ್ತೀರಲ್ಲ, ಯಾಕೆ ಮೂವತ್ಮೂರೇ ಎಂದು ಕೇಳಿದರು. ನನ್ನ ಕಣ್ಣು ತಾನಾಗಿ ಮೂರನೆಯ ಸಾಲಿಗೆ ಹೋಯಿತು.

ಅಕ್ಕ ನನ್ನನ್ನೇ ನೋಡುತ್ತಿದ್ದಳು. ಮುಖದಲ್ಲಿ ಸಿಟ್ಟಿಲ್ಲ, ಗಾಬರಿ. ಯಾರಿಗೂ ಕಾಣದಂತೆ ಮಡಿಲಿನಿಂದ ಸ್ವಲ್ಪ ಕೈ ಎತ್ತಿ, ಒಂದು ಬೆರಳನ್ನು ಮೇಲಕ್ಕೆ ತೋರಿಸಿದಳು, ಆಮೇಲೆ ಎಡಕ್ಕೆ. ಮತ್ತೆ ಮೇಲಕ್ಕೆ, ಎಡಕ್ಕೆ. ಉತ್ತರ ಹೇಳಿಕೊಡುತ್ತಿದ್ದಳು. ನಾನು ಜನರೆದುರು ಸೋಲಬಾರದು ಎಂದು, ಆಗಷ್ಟೇ ಅವಳೆದುರೇ ಅಷ್ಟು ದೊಡ್ಡ ಸುಳ್ಳು ಹೇಳಿದ ನನಗೆ.

ಉತ್ತರ ಹೊಳೆಯಿತು. ಹೇಳಿ ಮರ್ಯಾದೆ ಉಳಿಸಿಕೊಳ್ಳಬಹುದಿತ್ತು.

"ನಂಗೊತ್ತಿಲ್ಲ ಮೇಷ್ಟ್ರೇ," ಎಂದೆ. "ಇದನ್ನ ನಾನು ಬರೀಲಿಲ್ಲ. ನಕಲು ಮಾಡಿ ನನ್ನ ಹೆಸರು ಹಾಕ್ಕೊಂಡೆ. ಬರೆದಿದ್ದು ನಮ್ಮಕ್ಕ, ಅಲ್ಲಿ ಮೂರನೇ ಸಾಲಲ್ಲಿ ಕೂತಿದಾಳೆ. ಆ ಪುಟ್ಟ ನಾನೇ."

ತಲೆಗಳೆಲ್ಲ ಅತ್ತ ತಿರುಗಿದವು. ಮುಂದಿನ ಸಾಲಿನ ಹೆಂಗಸು ನನ್ನನ್ನು ನೋಡಿದ ನೋಟ ಇನ್ನೂ ಮೈಮೇಲಿದೆ, ಅದಕ್ಕೆ ನಾನು ಯೋಗ್ಯನೇ. ಮೇಷ್ಟ್ರು ನನ್ನ ಕೈಯಿಂದ ಮೈಕ್ ತೆಗೆದುಕೊಂಡು ಅಕ್ಕನ ಹತ್ತಿರ ಹೋಗಿ, ಅದೇ ಪ್ರಶ್ನೆ ಕೇಳಿದರು.

ಅಕ್ಕ ಏಳಲಿಲ್ಲ. ಕೂತಲ್ಲಿಂದಲೇ, ಅಂಗಡಿಯಲ್ಲಿ ಅಳತೆ ಹೇಳುವ ದನಿಯಲ್ಲಿ ಹೇಳಿದಳು. ಪರದೆಯ ಒಂದು ಸಾಲಿಗೆ ಮೂವತ್ತೆರಡು ಮನೆ. ಮೂವತ್ತೆರಡು ಕಳೆದರೆ ಇರುವೆ ಒಂದು ಸಾಲು ಮೇಲೆ ಹೋಗುತ್ತದೆ, ಇನ್ನೊಂದು ಕಳೆದರೆ ಒಂದು ಮನೆ ಎಡಕ್ಕೆ. ಪೊರಕೆ ಯಾವಾಗಲೂ ಬಲಗಡೆಯಿಂದ ಬರುವುದರಿಂದ ಓರೆಯಾಗಿ ಹಾರಿದರೆ ಮಾತ್ರ ಬದುಕುತ್ತದೆ. ಮೊದಲು ಮೂವತ್ತೆರಡೇ ಇಟ್ಟಿದ್ದೆ, ನೇರ ಮೇಲೆ ಹಾರಿ ಮತ್ತೆ ಸಿಕ್ಕಿಬೀಳುತ್ತಿತ್ತು, ಆಮೇಲೆ ತಿದ್ದಿದೆ ಎಂದಳು. ಮೂವತ್ತೆಂಟು ವರ್ಷದ ಹಿಂದಿನ ಲೆಕ್ಕವನ್ನು ಅವಳು ನಿನ್ನೆ ಮಾಡಿದ ಹಾಗೆ ಹೇಳುತ್ತಿದ್ದಳು, ಅಚ್ಚಾದ ಪುಟದ ಕಡೆ ಒಮ್ಮೆಯೂ ನೋಡದೆ.

ಮೇಷ್ಟ್ರು ಅವಳ ಪಕ್ಕದ ಖಾಲಿ ಕುರ್ಚಿಯಲ್ಲಿ ಕೂತೇಬಿಟ್ಟರು.

"ಇದಾದ್ಮೇಲೆ ಏನೇನು ಬರೆದ್ರಿ ತಾಯಿ?"

"ಏನೂ ಇಲ್ಲ ಸಾರ್."

"ಯಾಕಮ್ಮ?"

ಅಕ್ಕ ನಿಜವಾಗಿಯೂ ಯೋಚಿಸಿದಳು. ನನ್ನ ಕಡೆ ನೋಡಲಿಲ್ಲ. ನನ್ನನ್ನು ಚುಚ್ಚಬೇಕೆಂದೂ ಅವಳಿಗಿರಲಿಲ್ಲ, ಅದು ನನಗೆ ಗೊತ್ತು.

"ಇನ್ನೊಂದು ಬರಿ ಅಂತ ಯಾರೂ ಹೇಳ್ಲಿಲ್ಲ ಸಾರ್," ಎಂದಳು.

ಅವಳಿಗೆ ಬರೆಯಲು ಬರುತ್ತದೆ ಎಂದು ಆ ಮನೆಯಲ್ಲಿ ಗೊತ್ತಿದ್ದವನು ನಾನೊಬ್ಬನೇ.