ಸಾಕು ಅಂದರೆ

ಚೂಟಿಯ ಬೆನ್ನಚೀಲ ಬೆಳಗಿನಿಂದಲೇ ಚೌಕಾಕಾರವಾಗಿ ಉಬ್ಬಿತ್ತು. ಒಳಗೆ ಚಪ್ಪಲಿ ಅಂಗಡಿಯ ರಟ್ಟಿನ ಡಬ್ಬಿ. ಅದರ ಮುಚ್ಚಳಕ್ಕೆ ಪೆನ್ಸಿಲ್ಲಿನಿಂದ ಚುಚ್ಚಿದ ತೂತುಗಳು, ತಳಕ್ಕೆ ಹಾಸಿಗೆಯಾಗಿ ಅಪ್ಪನ ಹಳೇ ಕಾಲುಚೀಲ. ಅಮ್ಮನಿಗೆ ಎಲ್ಲ ಗೊತ್ತಿತ್ತು. ಆದರೂ ತುಟಿ ಬಿಚ್ಚಲಿಲ್ಲ. ವನ್ಯಜೀವಿ ಸಂರಕ್ಷಣಾ ಕೇಂದ್ರದಿಂದ ಒಂದು ಪ್ರಾಣಿಯನ್ನು ತಂದು ಸಾಕಿಯೇ ತೀರುತ್ತೇನೆ ಎಂದು ಆರು ವರ್ಷದ ಮಗಳು ಹಟ ಹಿಡಿದಿದ್ದಳು. ಮನೆಯಲ್ಲೇ ಬೇಡ ಅಂದರೆ ದಾರಿಯುದ್ದಕ್ಕೂ ರಂಪ. ಅಲ್ಲಿಗೆ ಹೋದಮೇಲೆ ನೋಡಿಕೊಳ್ಳೋಣ, ಅಷ್ಟು ನನ್ನ ಕೈಲಾಗುತ್ತೆ ಅಂದುಕೊಂಡಳು.

ಕೇಂದ್ರದ ತುಂಬ ‘ಮುಟ್ಟಿ ನೋಡಿ’, ‘ಕಿವಿಗೊಟ್ಟು ಕೇಳಿ’ ಎಂಬ ಫಲಕಗಳೇ. ಗೋಡೆಯ ಮೇಲಿನ ಹದ್ದಿನ ಚಿತ್ರಕ್ಕೆ ಬೆನ್ನು ಕೊಟ್ಟು ಅಪ್ಪ ಎರಡೂ ಕೈ ಚಾಚಿ ನಿಂತ. ರೆಕ್ಕೆಯ ತುದಿ ಇನ್ನೂ ಎಷ್ಟೋ ಆಚೆಗಿತ್ತು.

“ಹದ್ದಾಗೋದು ನಿಮ್ಮಿಂದ ಆಗಲ್ಲ ಬಿಡಿ. ಬಾತುಕೋಳಿ ಅಂದ್ರೆ ನಂಬಬಹುದು,” ಎಂದಳು ಅಮ್ಮ.

“ಹೊಟ್ಟೆ ನೋಡಿ ಹೇಳ್ಬೇಡ!”

ಆಮೆಗಳ ಕೋಣೆಯಲ್ಲಿ ಆರೈಕೆ ಮಾಡುವ ಅಕ್ಕ ಚೂಟಿಯ ಕೈಗೆ ಇಕ್ಕಳ ಕೊಟ್ಟು, ಒಂದು ಪುಟ್ಟ ಆಮೆಗೆ ಸೊಪ್ಪು ತಿನ್ನಿಸಲು ಹೇಳಿಕೊಟ್ಟಳು. ಆಮೆ ಕಚಕ್ಕೆಂದು ಕಚ್ಚಿತು. ಚೂಟಿ ಒಂದೇ ಸಮನೆ ತುರುಕತೊಡಗಿದಳು.

“ಸಾಕು, ಸಾಕು!” ಎಂದಳು ಅಕ್ಕ.

ಇಕ್ಕಳ ಠಣ್ಣೆಂದು ಕೆಳಗೆ ಬಿತ್ತು. “ಅಮ್ಮಾ, ಕೇಳಿಸ್ತಾ? ಅವರೇ ಸಾಕು ಅಂದ್ರು! ಎರಡೆರಡು ಸಲ!” ಡಬ್ಬಿ ಆಗಲೇ ಹೊರಗೆ ಬಂದಿತ್ತು.

ಅಪ್ಪ ಕಿಸಕ್ಕೆಂದ. ಅಮ್ಮ ಅವನನ್ನು ಕಣ್ಣಲ್ಲೇ ಗದರಿ, ಮಗಳೆದುರು ಕುಕ್ಕರಗಾಲಲ್ಲಿ ಕೂತಳು. “ಅದರ ಹೊಟ್ಟೆ ತುಂಬಿದೆ ಅಂತ ಅಕ್ಕ ಹೇಳಿದ್ದು, ಬಂಗಾರ.”

“ಇಲ್ಲ! ಸಾಕು ಅಂದ್ರೆ ಸಾಕೋದು.” ಚೂಟಿ ಡಬ್ಬಿಯನ್ನು ಎದೆಗವಚಿಕೊಂಡಳು.

“ಸರಿ, ಕೇಳೇಬಿಡೋಣ.” ಅಮ್ಮ ಅಕ್ಕನತ್ತ ತಿರುಗಿದಳು. “ಈ ಆಮೆ ಮುಂದೆ ಎಲ್ಲಿರುತ್ತೆ?”

ಗಾಡಿಯ ಚಕ್ರ ತಾಗಿ ಇದರ ಚಿಪ್ಪು ಸೀಳಿತ್ತು, ಈಗ ಕೂಡಿಕೊಂಡಿದೆ, ಇವತ್ತೇ ಹಿಂದಿನ ಕೊಳಕ್ಕೆ ಬಿಡುತ್ತೇವೆ ಎಂದಳು ಅಕ್ಕ.

“ಅಲ್ಲಿಗೆ ಯಾವುದರಲ್ಲಿ ಒಯ್ತೀರಿ?” ಅಮ್ಮನ ನೋಟ ಡಬ್ಬಿಯ ಮೇಲಿತ್ತು.

ಅಕ್ಕನಿಗೆ ಥಟ್ಟನೆ ಹೊಳೆಯಿತು. “ಒಂದು ಬಕೆಟ್ ಇದೆ. ಆದ್ರೆ ಇಂಥ ಮೆತ್ತನೆ ಹಾಸಿಗೆ ಅದರಲ್ಲೆಲ್ಲಿ ಬರಬೇಕು!”

“ಡಬ್ಬಿ ನಿಂದು, ಪುಟ್ಟಿ. ಕೊಡೋದು ಬಿಡೋದು ನಿಂಗೆ ಸೇರಿದ್ದು,” ಎಂದಳು ಅಮ್ಮ.

ಚೂಟಿ ಆಮೆಯ ಚಿಪ್ಪಿನ ಮೇಲಿನ ಬಿಳಿ ಗೆರೆಯನ್ನು ಬೆರಳಿನಿಂದ ಸವರಿದಳು. ಮೂಗೊರೆಸಿಕೊಂಡಳು. “ನಾನೇ ಹಿಡ್ಕೊಳ್ಳೋದು. ಬೇರೆ ಯಾರೂ ಮುಟ್ಟೋ ಹಾಗಿಲ್ಲ.”

ಕೊಳದ ದಡದಲ್ಲಿ ಡಬ್ಬಿ ಓರೆ ಮಾಡಿದರೂ ಆಮೆ ತಲೆ ಹೊರಹಾಕಲಿಲ್ಲ.

“ಕಾಲುಚೀಲದ ವಾಸನೆಗೆ ಮೂರ್ಛೆ ಹೋಗಿದೆ,” ಎಂದ ಅಪ್ಪ.

“ನಾನೇ ಒಗೆದಿದ್ದು, ಬಾಯ್ಮುಚ್ಕೊಳ್ಳಿ.”

ಕಾದರು. ಒಂದು ಕಾಲು ಬಂತು, ಇನ್ನೊಂದು ಬಂತು. ಆಮೇಲೆ ಬುಳುಕ್ ಎಂದಿತು. ನೀರಿನ ಮೇಲೆ ಉಂಗುರಗಳಷ್ಟೇ ಉಳಿದವು.

ಅಮ್ಮ ಅಪ್ಪಿಕೊಳ್ಳಲು ತೋಳು ಚಾಚಿದಳು. ಚೂಟಿ ಅತ್ತ ನೋಡಲೂ ಇಲ್ಲ. ಡಬ್ಬಿಯನ್ನು ಕೊಡವಿ, ಮುಚ್ಚಳ ಹಾಕಿ, ಅಕ್ಕನ ಕೈಗಿಟ್ಟಳು.

“ಇನ್ನೊಂದು ವಾಸಿಯಾದ್ರೆ ಇದರಲ್ಲೇ ತನ್ನಿ. ಇದನ್ನ ಮಾತ್ರ ಮತ್ತೆ ಹಿಡೀಬೇಡಿ ಅಕ್ಕಾ. ನೀವು ಸಾಕಿದ್ದು ಸಾಕು.”